ಅಟ್ಟದ ಮೇಲಿನ ಪೆಟ್ಟಿಗೆ

ಆಗಮನ ಕಾಲದ ಎರಡನೆಯ ಭಾನುವಾರ ಕಳೆಯಿತೆಂದರೆ ನಮ್ಮ ಮನೆಯಲ್ಲಿ ಏಣಿಗೆ ಕೆಲಸ. ವರ್ಷದ ಹನ್ನೊಂದು ತಿಂಗಳು ಅಟ್ಟದ ಕತ್ತಲಲ್ಲಿ ಯಾರ ನೆನಪಿಗೂ ಬಾರದೆ ಕುಳಿತಿರುವ ತಗಡಿನ ಟ್ರಂಕೊಂದು ಅಂದು ಕೆಳಗಿಳಿಯುತ್ತದೆ. ಮುಚ್ಚಳ ತೆರೆದೊಡನೆ ನುಸಿಗುಳಿಗೆಯ ವಾಸನೆಯೊಡನೆ ಹಳೆಯ ಕಾಗದದ ವಾಸನೆಯೂ ಮುಖಕ್ಕೆ ಬಡಿಯುತ್ತದೆ. ಒಳಗಿರುವ ಒಂದೊಂದು ಬೊಂಬೆಯನ್ನೂ ಅಮ್ಮ ಆಯಾ ವರ್ಷದ ದಿನಪತ್ರಿಕೆಯಲ್ಲಿ ಸುತ್ತಿಟ್ಟಿದ್ದಾಳೆ. ಆ ಕಾಗದಗಳನ್ನು ಎಸೆಯಲು ಯಾರಿಗೂ ಮನಸ್ಸು ಬಂದಿಲ್ಲ. ಹಾಗಾಗಿ ಸಂತ ಜೋಸೇಫರು ಪ್ರತಿ ವರ್ಷವೂ ಯಾವುದೋ ಚುನಾವಣೆಯ ಫಲಿತಾಂಶದೊಳಗಿಂದ ಹೊರಬರುತ್ತಾರೆ. ಕತ್ತೆ ಚಿನ್ನ ಬೆಳ್ಳಿಯ ಧಾರಣೆಯೊಳಗಿಂದ ಇಣುಕುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಸಂಜೆಯವರೆಗೆ ಎಳೆಯುತ್ತದೆ, ಏಕೆಂದರೆ ಬಿಚ್ಚಿದವರು ಓದದೆ ಬಿಡುವುದಿಲ್ಲ.

ಆ ಟ್ರಂಕಿನಲ್ಲಿ ಒಂದಕ್ಕೊಂದು ಹೊಂದುವ ಬೊಂಬೆಗಳು ಎರಡು ಸಿಕ್ಕಿದರೆ ಪುಣ್ಯ. ನಮ್ಮ ಬಾತುಕೋಳಿ ಕುರಿಗಿಂತ ದೊಡ್ಡದು. ಮಾತೆ ಮರಿಯಾ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವಳು, ಜೋಸೇಫರು ಸುಟ್ಟ ಮಣ್ಣಿನವರು. ಕುರಿಗಾಹಿಯೊಬ್ಬನಿಗೆ ಬಲಗೈಯಿಲ್ಲ, ಆ ಕೈ ಇದ್ದ ಕಾಲವನ್ನು ಕಂಡವರು ಈಗ ನಾನೊಬ್ಬನೇ. ಮೂರು ರಾಯರಲ್ಲಿ ಒಬ್ಬ ಎಂದೋ ಕಳೆದುಹೋದ. ಅವನ ಸ್ಥಾನದಲ್ಲಿ ನಿಲ್ಲುವವನು ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆ, ಕೆಂಪು ಹಳದಿ ಪಟ್ಟೆಯ ಸಿಪಾಯಿ. ಕೊಳ ಬೇಕಲ್ಲವೇ? ಅದಕ್ಕೆ ಅಪ್ಪನ ಕ್ಷೌರದ ಕನ್ನಡಿ. ಕ್ರಿಸ್ತ ಜಯಂತಿಯಿಂದ ಮೂರು ರಾಯರ ಹಬ್ಬದವರೆಗೆ ಅಪ್ಪ ಕೈಯಿಂದ ಕೆನ್ನೆ ತಡವಿಕೊಂಡೇ ಗಡ್ಡ ಹೆರೆದುಕೊಳ್ಳುತ್ತಿದ್ದರು. ಆ ಹನ್ನೆರಡು ದಿನ ಅವರ ಮುಖದ ಮೇಲೆ ಒಂದಲ್ಲ ಒಂದು ಗಾಯವಿರುತ್ತಿತ್ತು. ಹುಲ್ಲುಗಾವಲಿಗಾಗಿ ಅಮ್ಮ ಹತ್ತು ದಿನ ಮುಂಚೆಯೇ ತಗಡಿನ ಡಬ್ಬಿಗಳಲ್ಲಿ ರಾಗಿ ಚೆಲ್ಲಿ ಪೈರು ಮಾಡುತ್ತಿದ್ದಳು. ಆ ಹಸುರಿನ ಮೇಲೆಯೇ ಹತ್ತಿಯ ಹಿಮ! ರಾಗಿಯ ಪೈರಿನ ಮೇಲೆ ಹಿಮ ಬೀಳುವ ನಾಡು ಯಾವುದೆಂದು ನಾವು ಯಾರೂ ಕೇಳಲಿಲ್ಲ.

ಈ ಬೊಂಬೆಗಳು ಒಟ್ಟಿಗೆ ಬಂದವಲ್ಲ. ಅಪ್ಪನ ಸಂಬಳದಲ್ಲಿ ವರ್ಷಕ್ಕೊಂದು ಎಂಬುದು ಮನೆಯ ಕಟ್ಟಳೆಯಾಗಿತ್ತು. ಡಿಸೆಂಬರಿನ ಒಂದು ಸಂಜೆ ಶಿವಾಜಿನಗರದ ಸಂತ ಮೇರಿ ಬಸಿಲಿಕದ ಹೊರಗಿನ ಅಂಗಡಿಗಳಿಗೆ ಹೋಗಿ, ಅತ್ತಿಂದಿತ್ತ ಮೂರು ಬಾರಿ ಸುತ್ತಾಡಿ, ಒಂದೇ ಒಂದು ಬೊಂಬೆ ಕೊಂಡು ಬರುವುದು. ಆ ವರ್ಷ ಯಾವುದು ಎಂಬ ಚರ್ಚೆ ನವೆಂಬರಿನಲ್ಲೇ ಆರಂಭವಾಗುತ್ತಿತ್ತು. ಅಕ್ಕನಿಗೆ ದೇವದೂತ ಬೇಕು, ನನಗೆ ಒಂಟೆ. ಹೀಗಾಗಿ ಪೂರ್ವದೇಶದ ಜ್ಞಾನಿಗಳು ನಮ್ಮ ಮನೆಗೆ ಬಂದು ಸೇರಲು ಮೂರು ವರ್ಷ ಹಿಡಿಯಿತು. ಅವರು ಏರಿ ಬಂದ ಒಂಟೆ ಅವರಿಗಿಂತ ಎರಡು ವರ್ಷ ತಡವಾಗಿ ಬಂತು. ಸಂಗ್ರಹದ ಸಂತೋಷವೆಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕೊಂಡ ವಸ್ತುವಲ್ಲ, ಆ ಕಾಯುವಿಕೆ. ಒಂಟೆಯಿಲ್ಲದ ಐದು ವರ್ಷಗಳಲ್ಲಿ ನಾನು ಆ ಒಂಟೆಯನ್ನು ಎಷ್ಟು ಬಾರಿ ಕಣ್ಣಮುಂದೆ ನಿಲ್ಲಿಸಿಕೊಂಡಿದ್ದೆನೋ! ಅದು ಬಂದಾಗ ನನ್ನ ಕಲ್ಪನೆಯದಕ್ಕಿಂತ ಬಹಳ ಚಿಕ್ಕದಾಗಿತ್ತು. ಆದರೂ ಆ ರಾತ್ರಿ ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡೇ ಮಲಗಿದೆ.

ಕೆಲವು ವರ್ಷಗಳ ಹಿಂದೆ ಟ್ರಂಕು ಇಳಿಸಲು ನೆರವಾದ ತಂಗಿಯ ಮಗ ಒಂದು ಮಾತು ಕೇಳಿದ. ಆ ವೇಳೆಗೆ ಟ್ರಂಕಿನ ಜೊತೆಗೆ ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟೊಂದೂ ಬಂದಿತ್ತು. ಆ ಕಥೆ ಮುಂದೆ ಹೇಳುತ್ತೇನೆ. ಅವನು ಕಪಾಟನ್ನೊಮ್ಮೆ, ಟ್ರಂಕನ್ನೊಮ್ಮೆ ನೋಡಿ, “ಮಾವ, ಹುಟ್ಟಲು ಛತ್ರದಲ್ಲಿ ಜಾಗ ಸಿಗದವನ ನೆನಪಿಗೆ ನೀವು ಇಷ್ಟೊಂದು ಸಾಮಾನು ಕೂಡಿಟ್ಟಿದ್ದೀರಲ್ಲ, ಇದು ಸರಿಯೇ?” ಎಂದ. ಕುಚೋದ್ಯದ ಮಾತಲ್ಲ ಅದು. ಅವನು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಊಟ ಬಡಿಸಿ ಬರುವ ಹುಡುಗ. ನಾನು ಏನೋ ಹೇಳಿ ನಕ್ಕುಬಿಟ್ಟೆ. ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ಅವನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ನುಸಿ ತಿನ್ನುವ, ತುಕ್ಕು ಹಿಡಿಯುವ ನಿಧಿಗಳ ವಿಷಯದಲ್ಲಿ ಯೇಸುಸ್ವಾಮಿ ಕೊಟ್ಟ ಎಚ್ಚರಿಕೆ ನಮಗೆಲ್ಲ ಬಾಯಿಪಾಠ. ಟ್ರಂಕಿನ ಒಳಗೆ ನುಸಿಗುಳಿಗೆ, ಹೊರಗೆ ತುಕ್ಕು. ಆ ವಾಕ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಅದೇ ಶುಭಸಂದೇಶದಲ್ಲಿ ತನ್ನ ಉಗ್ರಾಣದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯೊಡೆಯನೊಬ್ಬನಿದ್ದಾನೆ, ಮತ್ತು ಅವನನ್ನು ಮೆಚ್ಚುಗೆಯಿಂದಲೇ ಚಿತ್ರಿಸಲಾಗಿದೆ. ಕಳೆದುಹೋದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ, ಮನೆಯನ್ನೆಲ್ಲ ಗುಡಿಸಿ, ಸಿಕ್ಕಿದಾಗ ನೆರೆಹೊರೆಯವರನ್ನು ಕರೆದು ಸಂಭ್ರಮಿಸುವ ಹೆಂಗಸಿದ್ದಾಳೆ. ಸಂಗ್ರಹ ಮಾಡುವವರಿಗೆ ಅವಳ ಸಂತೋಷದ ಪರಿಚಯ ಚೆನ್ನಾಗಿದೆ. ಇನ್ನು ಮುನ್ನೂರು ದೆನಾರಿಗಳ ಬೆಲೆಯ ಸುಗಂಧತೈಲವನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂಬ ಮಾತು. ಅದನ್ನು ಆಡಿದವನು ಯೂದನೆಂದು ಹೇಳಿ ವಾದ ಗೆಲ್ಲುವುದು ಸುಲಭ. ನನಗೆ ಅದು ಸರಿಕಾಣುವುದಿಲ್ಲ. ಆ ತೈಲವನ್ನು ಆಕೆ ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ, ಸುರಿದುಬಿಟ್ಟಳು. ಮನೆಯೆಲ್ಲ ಪರಿಮಳ ತುಂಬಿತು. ಕೂಡಿಟ್ಟವರು ಆಕೆಯ ಹೆಸರು ಹೇಳಿಕೊಂಡು ತಪ್ಪಿಸಿಕೊಳ್ಳಲಾಗದು.

ಗೋದಲಿಯ ಇತಿಹಾಸದಲ್ಲಿ ಉತ್ತರ ಸಿಕ್ಕೀತೇ ಎಂದು ಹುಡುಕಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಏರ್ಪಡಿಸಿದ್ದು 1223ರ ಕ್ರಿಸ್ತ ಜಯಂತಿಯ ರಾತ್ರಿ. ಅವರ ಚರಿತ್ರೆಯನ್ನು ಮೊದಲು ಬರೆದ ಚೆಲಾನೊದ ಥಾಮಸ್ ಅದನ್ನು ವಿವರವಾಗಿ ದಾಖಲಿಸಿದ್ದಾನೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಫ್ರಾನ್ಸಿಸರು ಜಾನ್ ಎಂಬ ಊರಿನ ಗಣ್ಯನೊಬ್ಬನಿಗೆ ಹೇಳಿಕಳುಹಿಸಿದರು. ಒಂದು ಮೇವಿನ ತೊಟ್ಟಿ, ಅದರ ತುಂಬ ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ ಸಿದ್ಧವಾದವು. ಅಷ್ಟೇ. ಬೊಂಬೆಗಳಿರಲಿಲ್ಲ, ಮರಿಯಾ ಜೋಸೇಫರ ಪ್ರತಿಮೆಗಳೂ ಇರಲಿಲ್ಲ. ಆ ತೊಟ್ಟಿಯ ಸನ್ನಿಧಿಯಲ್ಲೇ ಬಲಿಪೂಜೆ ನಡೆಯಿತು. ಸುತ್ತಲಿನ ರೈತರು ಪಂಜು ಹಿಡಿದು ಬಂದರು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ನಂತರದ ಒಂದು ಸಣ್ಣ ಸಂಗತಿ: ಹಬ್ಬ ಮುಗಿದ ಮೇಲೆ ಜನ ತೊಟ್ಟಿಯಲ್ಲಿದ್ದ ಹುಲ್ಲನ್ನು ಜೋಪಾನ ಮಾಡಿದರು, ಕಾಯಿಲೆ ಬಿದ್ದ ದನಕರುಗಳಿಗೆ ಅದನ್ನು ತಿನ್ನಿಸಿದರು, ಅವು ಚೇತರಿಸಿಕೊಂಡವು ಎನ್ನುತ್ತಾನೆ ಥಾಮಸ್. ಗೋದಲಿಯಿಂದ ಮನುಷ್ಯರು ಮೊದಲು ಸಂಗ್ರಹಿಸಿ ಇಟ್ಟುಕೊಂಡದ್ದು ಒಣಹುಲ್ಲು. ಅದನ್ನೂ ದನಕ್ಕೆ ಹಾಕಿ ಮುಗಿಸಿದರು.

ಅನಂತರದ ಕಥೆ ಹುಲ್ಲಿನಲ್ಲಿ ನಿಲ್ಲಲಿಲ್ಲ. 1734ರಿಂದ 1759ರವರೆಗೆ ನೇಪಲ್ಸನ್ನು ಆಳಿದ ದೊರೆ ಚಾರ್ಲ್ಸ್‌ಗೆ ಗೋದಲಿಯ ಹುಚ್ಚಿತ್ತು. ಅವನ ಕಾಲದಲ್ಲಿ ಅರಮನೆಯೂ ಶ್ರೀಮಂತರ ಮನೆಗಳೂ ಪೈಪೋಟಿಗೆ ಬಿದ್ದವು. ಸುಟ್ಟ ಮಣ್ಣಿನ ತಲೆ, ಮರದ ಕೈಕಾಲು, ತಂತಿಗೆ ನಾರು ಸುತ್ತಿ ಮಾಡಿದ ಮೈ, ಅದರ ಮೇಲೆ ರೇಷ್ಮೆಯ ಉಡುಪು. ಮೀನು ಮಾರುವವಳು, ಹೋಟೆಲಿನವನು, ಸಂಗೀತಗಾರರು, ಹಣ್ಣಿನ ಬುಟ್ಟಿ, ಚೀಸಿನ ಗುಡ್ಡೆ ಎಲ್ಲವೂ ಬಂದು ಸೇರಿ, ಬಾಲಯೇಸು ಎಲ್ಲಿದ್ದಾನೆಂದು ಹುಡುಕಬೇಕಾಯಿತು. ಆ ನಗರದ ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿಯಲ್ಲಿ ಇಂದಿಗೂ ವರ್ಷವಿಡೀ ಗೋದಲಿಯ ಬೊಂಬೆಗಳು ಮಾರಾಟವಾಗುತ್ತವೆ. ಕುರಿಗಾಹಿಗಳ ಪಕ್ಕದಲ್ಲಿ ಫುಟ್‌ಬಾಲ್ ಆಟಗಾರ ಮರಡೋನನೂ ನಿಂತಿರುತ್ತಾನೆ. ನಮ್ಮ ಚನ್ನಪಟ್ಟಣದ ಸಿಪಾಯಿಗೆ ಅಲ್ಲಿ ಬಂಧುಗಳು ಹಲವರಿದ್ದಾರೆ ಎಂದು ತಿಳಿದು ನನಗೆ ನೆಮ್ಮದಿಯಾಯಿತು.

ಇದಕ್ಕೆ ವಿರುದ್ಧವಾದ ಕಥೆ ಫ್ರಾನ್ಸಿನ ದಕ್ಷಿಣದ್ದು. 1789ರ ಕ್ರಾಂತಿಯ ನಂತರದ ವರ್ಷಗಳಲ್ಲಿ ಅಲ್ಲಿ ದೇವಾಲಯಗಳು ಮುಚ್ಚಿದವು, ಅವುಗಳ ಗೋದಲಿಗಳೂ ಇಲ್ಲವಾದವು. ಆಗ ಮಾರ್ಸೆಯ್ ನಗರದ ಜಾನ್ ಲೂಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಅಚ್ಚುಗಳನ್ನು ಮಾಡಿ, ಬಡವರೂ ಕೊಳ್ಳಬಹುದಾದ ಅಗ್ಗದ ಮಣ್ಣಿನ ಬೊಂಬೆಗಳನ್ನು ತಯಾರಿಸಿದ. ಪುಟ್ಟ ಸಂತರು ಎಂಬ ಅರ್ಥದಲ್ಲಿ ಅವುಗಳಿಗೆ ‘ಸಾಂತೋನ್’ ಎಂಬ ಹೆಸರಾಯಿತು. 1803ರಿಂದ ಮಾರ್ಸೆಯ್‌ನಲ್ಲಿ ಅವುಗಳದೇ ಸಂತೆ ನಡೆದುಬಂದಿದೆ. ದೇವಾಲಯಕ್ಕೆ ಬೀಗ ಬಿದ್ದಾಗ ಅಡುಗೆಮನೆಯ ಗೂಡು ದೇವಾಲಯವಾಯಿತು. ಬಟ್ಟೆ ಒಗೆಯುವವಳು, ಚಾಕುಕತ್ತರಿ ಸಾಣೆ ಹಿಡಿಯುವವನು, ರೊಟ್ಟಿ ಸುಡುವವನು ಬೆತ್ಲೆಹೇಮಿಗೆ ಹೊರಟರು. ಅರಮನೆಯ ಬೊಂಬೆಗೂ ಈ ಬೊಂಬೆಗೂ ಮಣ್ಣು ಒಂದೇ. ಒಂದು ನೋಡುವವರನ್ನು ಬೆರಗುಗೊಳಿಸಲು ಮಾಡಿದ್ದು, ಇನ್ನೊಂದು ಏನೂ ಇಲ್ಲದವರ ಕೈಗೆ ಏನಾದರೂ ಕೊಡಲು ಮಾಡಿದ್ದು. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಕುರಿತು ಪ್ರೇಷಿತ ಪತ್ರವೊಂದಕ್ಕೆ ಸಹಿ ಮಾಡಿದರು. ಶುಭಸಂದೇಶಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಕಮ್ಮಾರ, ರೊಟ್ಟಿಯವ, ಆಡುವ ಮಕ್ಕಳು ಮೊದಲಾದ ಬೊಂಬೆಗಳನ್ನು ಸೇರಿಸುವ ರೂಢಿಯನ್ನು ಅದರಲ್ಲಿ ಅವರು ಪ್ರೀತಿಯಿಂದಲೇ ನೆನೆದಿದ್ದಾರೆ. ಆದ್ದರಿಂದ ಬಾತುಕೋಳಿಗೂ ಅನುಮತಿಯಿದೆ ಎಂದುಕೊಳ್ಳುತ್ತೇನೆ.

ಈಗ ಆ ಕಪಾಟಿನ ಕಥೆ. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಭಾನುವಾರದ ಹಳೆಯ ಸಾಮಾನಿನ ಸಂತೆಯ ಚಟ ಹತ್ತಿತು. ಪೂಜೆ ಮುಗಿಸಿ ನೇರವಾಗಿ ಅಲ್ಲಿಗೆ. ತಗಡಿನ ಆಟಿಕೆ, ಕೀಲಿ ಕೊಟ್ಟರೆ ಕುಣಿಯುವ ಕೋತಿ, ಬಿಸ್ಕತ್ತಿನ ಹಳೆಯ ಡಬ್ಬಿ, ಅಂಚು ಕತ್ತರಿಸಿದ ಹಬ್ಬದ ಶುಭಾಶಯ ಪತ್ರಗಳು, ಮುಖ್ಯವಾಗಿ ಕ್ರಿಸ್ತ ಜಯಂತಿಯ ಹಳೆಯ ಅಲಂಕಾರಗಳು. ಈ ಚಟವನ್ನು ನಾನು ಹಳಿಯಲಾರೆ. ಅದು ಕಣ್ಣಿಗೆ ಕೊಡುವ ಶಿಕ್ಷಣ ದೊಡ್ಡದು. ಮೊದಲು ಎಲ್ಲ ಕುರಿಯೂ ಒಂದೇ ಕುರಿ. ಕ್ರಮೇಣ ಅಚ್ಚಿನ ಗೆರೆ ಕಾಣುತ್ತದೆ, ಬಣ್ಣ ಹಚ್ಚಿದವನ ಅವಸರ ಕಾಣುತ್ತದೆ. ಒಮ್ಮೆ ಮಣ್ಣಿನ ಕುರಿಮರಿಯೊಂದರ ಹೊಟ್ಟೆಯ ಕೆಳಗೆ ಕುಂಬಾರನ ಹೆಬ್ಬೆರಳಿನ ಗುರುತು ಸಿಕ್ಕಿತು, ಸುಡುವ ಮುನ್ನ ಒತ್ತಿ ಹೋದದ್ದು. ಹೆಸರು ತಿಳಿಯದ ಆ ಮನುಷ್ಯನ ಬೆರಳಿನ ಮೇಲೆ ನನ್ನ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದೆ. ಇಂಥದರಲ್ಲಿ ದುರಾಸೆಯೇನೂ ಇಲ್ಲ. ಇದು ಒಂದು ಬಗೆಯ ಗೌರವ.

ಒಂದು ಭಾನುವಾರ ಗಾಜಿನ ಹಕ್ಕಿಯೊಂದು ಸಿಕ್ಕಿತು. ಹೆಬ್ಬೆರಳಿನಷ್ಟು ದಪ್ಪ, ಒಳಗೆ ಬೆಳ್ಳಿಯ ಹೊಳಪು, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಬಾಲ, ಕೊಂಬೆಗೆ ಸಿಕ್ಕಿಸಲು ಕಾಲಿನ ಜಾಗದಲ್ಲಿ ತಗಡಿನ ಚಿಮಟ. ಜರ್ಮನಿಯದು, ಕಂಟೋನ್ಮೆಂಟಿನ ಹಳೆಯ ಬಂಗಲೆಯಿಂದ ಬಂದದ್ದು ಎಂದ ವ್ಯಾಪಾರಿ. ನಂಬಲು ನನಗೂ ಆಸೆಯಿತ್ತು. ಜರ್ಮನಿಯ ತುರಿಂಗಿಯಾ ಪ್ರಾಂತದ ಲೌಶಾ ಎಂಬ ಊರಿನಲ್ಲಿ 1597ರಲ್ಲೇ ಗಾಜಿನ ಕುಲುಮೆ ಆರಂಭವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಮನೆಮನೆಗಳಲ್ಲೂ ಕ್ರಿಸ್ಮಸ್ ಮರದ ಗಾಜಿನ ಗುಂಡುಗಳು, ಹಣ್ಣುಗಳು, ಹಕ್ಕಿಗಳು, ಸೌತೆಕಾಯಿಗಳೂ ತಯಾರಾಗತೊಡಗಿದವು. 1880ರಲ್ಲಿ ಅಮೆರಿಕದ ಅಂಗಡಿಕಾರ ವೂಲ್‌ವರ್ತ್ ಅವುಗಳನ್ನು ತನ್ನ ಅಂಗಡಿಯಲ್ಲಿ ಮಾರಲಾರಂಭಿಸಿದ. ಆಮೇಲೆ ಆ ವ್ಯಾಪಾರ ಸಾಗರದಂತೆ ಬೆಳೆಯಿತು. ಗಂಡಸರು ಕಾದ ಗಾಜನ್ನು ಊದುವರು. ಹೆಂಗಸರೂ ಮಕ್ಕಳೂ ಒಳಗೆ ಬೆಳ್ಳಿಯ ದ್ರಾವಣ ಸುರಿದು ಕುಲುಕುವರು, ಒಣಗಿಸುವರು, ಬಣ್ಣ ಬಳಿಯುವರು. ಶ್ರೀಮಂತ ಮಕ್ಕಳ ಮರದ ಮೇಲಿನ ಹಕ್ಕಿ ಬಡ ಮಕ್ಕಳ ಕೈದುಡಿಮೆಯಾಗಿತ್ತು.

ಸಂಗ್ರಹಕಾರರ ಲೋಕದಲ್ಲಿ ಇಂಥ ವಿಪರ್ಯಾಸಗಳು ಹಲವು. 1939ರಿಂದ ಅಮೆರಿಕದಲ್ಲಿ ವಿದ್ಯುತ್ ಬಲ್ಬು ಮಾಡುವ ಯಂತ್ರದಲ್ಲೇ ಗಾಜಿನ ಗುಂಡುಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. ಲೋಹವೆಲ್ಲ ಯುದ್ಧಕ್ಕೆ ಹೋದದ್ದರಿಂದ ಗುಂಡಿನ ತಲೆಗೆ ತಗಡಿನ ಟೋಪಿಯ ಬದಲು ರಟ್ಟಿನ ಟೋಪಿ ಹಾಕಿದರು; ಒಳಗಿನ ಬೆಳ್ಳಿಯನ್ನು ಬಿಟ್ಟು ಬರಿಯ ಗಾಜಿನ ಮೇಲೆ ನಾಲ್ಕು ಬಣ್ಣದ ಗೆರೆ ಎಳೆದರು. ಅಂದು ಅವನ್ನು ಕೊಂಡವರು ಬೇರೆ ಸಿಗದೆ ಕೊಂಡರು. ಇಂದು ಅದೇ ರಟ್ಟಿನ ಟೋಪಿಯ ಗುಂಡುಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. ಒಂದು ಕಾಲದ ಕೊರತೆ ಇನ್ನೊಂದು ಕಾಲದ ಬೆಲೆ.

ಆ ಬೆಲೆಯೇ ನನ್ನನ್ನು ಕೆಡಿಸಿತು. ಹಕ್ಕಿಯನ್ನು ಕೊಂಡ ಕೆಲವು ತಿಂಗಳ ಮೇಲೆ ಇನ್ನೊಬ್ಬ ವ್ಯಾಪಾರಿ ಮನೆಗೆ ಬಂದವನು ಅದನ್ನು ಕಂಡು, ನಾನು ಕೊಟ್ಟದ್ದರ ಹತ್ತರಷ್ಟು ಹಣಕ್ಕೆ ಕೇಳಿದ. ನಾನು ಕೊಡಲಿಲ್ಲ, ಅದರ ಹೆಮ್ಮೆಯೂ ಇತ್ತು. ಆದರೆ ಅಂದಿನಿಂದ ಆ ಹಕ್ಕಿ ಹಕ್ಕಿಯಾಗಿ ಉಳಿಯಲಿಲ್ಲ. ಗಾಜಿನ ಬಾಗಿಲಿನ ಕಪಾಟು ಮಾಡಿಸಿದ್ದು ಆಗಲೇ. ಅದೇ ವರ್ಷ ಸಂತೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಗೋದಲಿಯ ಹಳೆಯ ಬೊಂಬೆಗಳೂ ಸಿಕ್ಕಿದವು, ಎಲ್ಲ ಒಂದೇ ಕೈಯ ಕೆಲಸ, ಒಂದಕ್ಕೊಂದು ಹೊಂದುವಂಥವು. ಅವೂ ಕಪಾಟು ಸೇರಿದವು. ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಆ ಕ್ರಿಸ್ತ ಜಯಂತಿಗೆ ನಾನು ಟ್ರಂಕನ್ನು ಇಳಿಸಲೇ ಇಲ್ಲ. ಕೈಯಿಲ್ಲದ ಕುರಿಗಾಹಿಯನ್ನು ಆ ಹೊಸ ಹಳೆಯ ಬೊಂಬೆಗಳ ಪಕ್ಕದಲ್ಲಿ ನಿಲ್ಲಿಸಲು ನಾಚಿಕೆಯಾಯಿತು.

ಹಬ್ಬದ ಸಂಜೆ ನೆರೆಹೊರೆಯ ಮಕ್ಕಳು ಗೋದಲಿ ನೋಡಲು ಬರುವುದು ನಮ್ಮ ಬೀದಿಯ ರೂಢಿ. ಟೈಲರ್ ಒಬ್ಬರ ಆರು ವರ್ಷದ ಮಗಳು ಎಲ್ಲರಿಗಿಂತ ಮುಂಚೆ ಬಂದಳು. ನಾನು ಒಳಗೆ ಕಜ್ಜಾಯ ತರಲು ಹೋಗಿದ್ದೆ. ಗೋದಲಿಯ ಮೇಲಿನ ಕೊಂಬೆಯಲ್ಲಿ ಆ ಹಕ್ಕಿ ಕುಳಿತಿತ್ತು. ಸದ್ದು ಕೇಳಿ ಹೊರಗೆ ಬಂದಾಗ ಹಕ್ಕಿ ನೆಲದ ಮೇಲೆ ಚೂರಾಗಿತ್ತು. ಬಾಲದ ಎಳೆಗಳು ಮಾತ್ರ ಮಗುವಿನ ಬೆರಳಿನಲ್ಲಿದ್ದವು. “ಮೇಷ್ಟ್ರೇ, ಅದು ಹಾರುತ್ತಾ ಅಂತ ನೋಡಿದೆ,” ಎಂದಳು. ನಾನು ಏನು ಕೂಗಿದೆನೆಂದು ಇಲ್ಲಿ ಬರೆಯಲಾರೆ. ಅದರಲ್ಲಿ ಹಣದ ಮೊತ್ತವೂ ಇತ್ತು. ಅವಳ ತಾಯಿ ಓಡಿ ಬಂದರು, ಮೊತ್ತವನ್ನು ಕೇಳಿಸಿಕೊಂಡರು, ಮಗಳಿಗೆ ನನ್ನೆದುರೇ ಎರಡು ಬಿಗಿದು ಕರೆದುಕೊಂಡು ಹೋದರು. ಮೂರು ದಿನಗಳ ಮೇಲೆ ಆಕೆಯೇ ಬಂದು, “ಸ್ವಲ್ಪ ಸ್ವಲ್ಪವಾಗಿ ಕೊಡ್ತೀವಿ ಸಾರ್,” ಎಂದಾಗ ನನಗೆ ನೆಲ ಬಿರಿದರೆ ಸಾಕೆನ್ನಿಸಿತು. ಬೇಡವೇ ಬೇಡ ಎಂದೆ, ಕ್ಷಮೆ ಕೇಳಿದೆ. ಆಕೆ ತಲೆಯಾಡಿಸಿದರು. ಮಗು ಮಾತ್ರ ಮುಂದಿನ ವರ್ಷ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಹಟ್ಟಿಯಲ್ಲಿ ಮಲಗಿದ್ದ ಒಂದು ಮಗುವಿನ ಮುಂದೆ ನಿಂತು ಇನ್ನೊಂದು ಮಗುವನ್ನು ಹೆದರಿಸಿ ಓಡಿಸಿದವನು ನಾನು. ಲೌಶಾದ ಯಾವುದೋ ಮನೆಯಲ್ಲಿ ಆ ಹಕ್ಕಿಗೆ ಬಣ್ಣ ಬಳಿದದ್ದೂ ಬಹುಶಃ ಆರೇಳು ವರ್ಷದ ಕೈಯೇ ಇದ್ದೀತು.

ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಒರೆಸಿ ಕಪಾಟಿಗೆ ಇಡುವಾಗ ಒಂದು ಕುರಿಗಾಹಿಯನ್ನು ತಲೆಕೆಳಗಾಗಿ ಹಿಡಿದೆ. ಅದರ ಪೀಠದ ಅಡಿಯಲ್ಲಿ ಪೆನ್ಸಿಲಿನಿಂದ ವಂಕುವಂಕಾಗಿ ಒಂದು ಹೆಸರಿತ್ತು. ಕತ್ತೆಯನ್ನು ತಿರುಗಿಸಿದೆ, ಅಲ್ಲಿ ಇನ್ನೊಂದು ಹೆಸರು. ಒಟ್ಟು ಐದು ಹೆಸರುಗಳು, ಎಲ್ಲ ಮಕ್ಕಳ ಬರಹ. ಅಂದರೆ ಆ ಮನೆಯಲ್ಲಿ ಒಂದೊಂದು ಮಗುವಿಗೂ ತನ್ನದೇ ಬೊಂಬೆಗಳಿದ್ದವು. ಗೋದಲಿಯಲ್ಲಿ ತನ್ನ ಬೊಂಬೆಯನ್ನು ತಾನೇ ಇಡಬೇಕು. ಜಗಳವಾಗದಿರಲೆಂದು ಯಾವ ತಾಯಿ ಮಾಡಿದ ಏರ್ಪಾಡೋ! ಒಂದು ಹೆಸರನ್ನು ಅಳಿಸಿ ಇನ್ನೊಂದು ಬರೆದದ್ದೂ ಇತ್ತು, ಆದ್ದರಿಂದ ಜಗಳವಂತೂ ಆಗಿಯೇ ಇತ್ತು. ಆ ಐವರು ಈಗ ಎಲ್ಲಿದ್ದಾರೆ? ವ್ಯಾಪಾರಿಯನ್ನು ಹೋಗಿ ಕೇಳಿದೆ. ಮನೆ ಖಾಲಿ ಮಾಡುವಾಗ ಗುಜರಿಯವರು ತೂಕಕ್ಕೆ ಕೊಂಡ ಸಾಮಾನು, ಇನ್ನೇನೂ ಗೊತ್ತಿಲ್ಲ ಎಂದ.

ಹಳೆಯ ವಸ್ತುವನ್ನು ಪ್ರೀತಿಸುವವರು ಈ ಮಾತನ್ನು ಎದುರಿಸಲೇಬೇಕು. ನಮ್ಮ ಕೈಗೆ ಬಂದ ಪ್ರತಿಯೊಂದು ವಸ್ತುವೂ ಯಾರದೋ ಕೈ ಬಿಟ್ಟು ಬಂದದ್ದು. ಕೆಲವು ಸಂತೋಷದಿಂದ ಬಂದಿರಬಹುದು, ಬಹಳಷ್ಟು ಸಾವಿನಿಂದ, ವಲಸೆಯಿಂದ, ಅಣ್ಣತಮ್ಮಂದಿರ ಪಾಲಿನಿಂದ, ನೋಡಿಕೊಳ್ಳುವವರಿಲ್ಲದ ಮುಪ್ಪಿನಿಂದ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವಾಗ ಯಾವುದೋ ಮನೆಯ ಬಾಗಿಲು ಮುಚ್ಚಿದ ಸದ್ದು ಅದರ ಹಿಂದಿದೆ. ಹಾಗೆಂದು ಕೊಳ್ಳಬಾರದೇ? ಕೊಳ್ಳದಿದ್ದರೆ ಆ ಬೊಂಬೆಗಳು ತಿಪ್ಪೆ ಸೇರುತ್ತಿದ್ದವು. ಕೊಂಡದ್ದು ತಪ್ಪಲ್ಲವೆಂದೇ ಈಗಲೂ ನನ್ನ ಭಾವನೆ. ತಪ್ಪಾದದ್ದು ಕೊಂಡ ಮೇಲೆ. ಐದು ಮಕ್ಕಳು ಕಚ್ಚಾಡಿ ಹಿಡಿದು ಇಟ್ಟು ಆಡಿದ ಬೊಂಬೆಗಳನ್ನು ಯಾರೂ ಮುಟ್ಟದಂತೆ ಗಾಜಿನ ಹಿಂದೆ ನಿಲ್ಲಿಸಿದೆನಲ್ಲ, ಆಗ ಅವು ಎರಡನೆಯ ಬಾರಿ ಮನೆ ಕಳೆದುಕೊಂಡವು.

ಇಲ್ಲಿ ನನಗೆ ನಮ್ಮ ಹಳೆಯ ಬೀದಿಯ ಅಜ್ಜಿಯೊಬ್ಬರ ದಸರಾ ಗೊಂಬೆಗಳು ನೆನಪಾಗುತ್ತವೆ. ಮೈಸೂರಿನ ಕಡೆಯವರು. ಮದುವೆಯಲ್ಲಿ ತವರಿನಿಂದ ತಂದ ಪಟ್ಟದ ಗೊಂಬೆಗಳ ಜೋಡಿ ಮೇಲಿನ ಹಂತದಲ್ಲಿ, ಕೆಳಗೆ ವರ್ಷಕ್ಕೊಂದರಂತೆ ಸೇರಿದ ಸೆಟ್ಟಿ ದಂಪತಿಗಳು, ಅಂಗಡಿ, ಉದ್ಯಾನವನ, ಕ್ರಿಕೆಟ್ ತಂಡ. ಅವರಲ್ಲೂ ಆ ವರ್ಷದ ಹೊಸ ಗೊಂಬೆ ಯಾವುದೆಂಬುದೇ ದೊಡ್ಡ ಸುದ್ದಿ. ಸಂಜೆ ಹೋದ ಮಕ್ಕಳಿಗೆಲ್ಲ, ನಮಗೂ, ಕೈತುಂಬ ತಿಂಡಿ. ಹಬ್ಬ ಮುಗಿದ ರಾತ್ರಿ ಅವರು ಒಂದು ಗೊಂಬೆಯನ್ನು ಮೆಲ್ಲನೆ ಮಲಗಿಸುತ್ತಿದ್ದರು. ಮರುದಿನದಿಂದ ಹಂತಗಳು ಖಾಲಿ. ಇನ್ನೆರಡು ದಿನ ಇರಲಿ ಎಂದು ನಾವು ಗೋಗರೆದರೆ, “ಅವೂ ನಿದ್ದೆ ಮಾಡಬೇಕಲ್ಲಪ್ಪ,” ಎನ್ನುತ್ತಿದ್ದರು.

ಆ ಅಜ್ಜಿಗೂ ನಮ್ಮ ಅಮ್ಮನಿಗೂ ತಿಳಿದಿದ್ದ, ನನಗೆ ಮರೆತುಹೋಗಿದ್ದ ಸಂಗತಿ ಇದೇ ಇರಬೇಕು. ಹಬ್ಬದ ವಸ್ತು ನಮ್ಮದಾಗಿರುವುದಕ್ಕಿಂತ ಹೆಚ್ಚಾಗಿ ಆ ಋತುವಿನದು. ಅದು ತನ್ನ ಕಾಲಕ್ಕೆ ಬರುತ್ತದೆ, ಬಾಗಿಲು ತೆರೆಸುತ್ತದೆ, ಬಂದವರ ಕೈಗೆ ಸಿಗುತ್ತದೆ, ಒಂದಿಷ್ಟು ಸವೆಯುತ್ತದೆ, ಮತ್ತೆ ಕತ್ತಲಿಗೆ ಹೋಗುತ್ತದೆ. ಹನ್ನೊಂದು ತಿಂಗಳು ನೋಡದೆ ಇರಬಲ್ಲವರಿಗೆ ಮಾತ್ರ ಹನ್ನೆರಡನೆಯ ತಿಂಗಳ ಆ ಬೆರಗು. ನನ್ನ ಕಪಾಟಿನಲ್ಲಿ ವರ್ಷವಿಡೀ ಡಿಸೆಂಬರ್ ಇತ್ತು. ಆದ್ದರಿಂದಲೇ ಡಿಸೆಂಬರಿನಲ್ಲಿ ಅದನ್ನು ನೋಡಿದಾಗ ಏನೂ ಅನ್ನಿಸುತ್ತಿರಲಿಲ್ಲ. ದಿನವೂ ಕಂಡದ್ದನ್ನು ಕಾಯುವುದು ಹೇಗೆ?

ತಂಗಿಯ ಮಗನ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲವೆಂದು ನನಗೆ ಗೊತ್ತು. ಹಸಿದವನಿಗೆ ಬಾತುಕೋಳಿಯ ಬೊಂಬೆಯಿಂದ ಹೊಟ್ಟೆ ತುಂಬುವುದಿಲ್ಲ. ಅವನಿಗೆ ನಾನು ಒಪ್ಪಿಸಿದ್ದು ಇಷ್ಟೇ: ಕಪಾಟನ್ನು ಮಾರಿದೆ, ಬೆಲೆಬಾಳುವ ಕೆಲವು ತಗಡಿನ ಆಟಿಕೆಗಳನ್ನೂ ಮಾರಿದೆ, ಬಂದ ಹಣ ಅವನ ಆಸ್ಪತ್ರೆಯ ಊಟಕ್ಕೆ ಹೋಯಿತು. ಉಳಿದ ಬೊಂಬೆಗಳನ್ನು ಮಾರು ಎಂದು ಅವನೂ ಹೇಳಲಿಲ್ಲ. ಐದು ಹೆಸರಿನ ಬೊಂಬೆಗಳು ಅಮ್ಮನ ಟ್ರಂಕು ಸೇರಿದವು. ಹೊಂದುವುದಿಲ್ಲ, ಬಾತುಕೋಳಿ ಈಗ ಮೂರು ಕುರಿಗಳಿಗಿಂತ ದೊಡ್ಡದು. ಕೈಯಿಲ್ಲದ ಕುರಿಗಾಹಿ ತನ್ನ ಹಳೆಯ ಜಾಗದಲ್ಲಿ, ಬಾಲಯೇಸುವಿನ ಎಡಬದಿಗೆ, ಮತ್ತೆ ನಿಂತಿದ್ದಾನೆ.

ಕಳೆದ ಕ್ರಿಸ್ತ ಜಯಂತಿಗೆ ಬೀದಿಯ ಮಕ್ಕಳನ್ನೆಲ್ಲ ಹಿಂದಿನ ದಿನವೇ ಕರೆದು, ಕಾಗದ ಬಿಚ್ಚುವ ಕೆಲಸ ಅವರಿಗೇ ಕೊಟ್ಟೆ. ಎಂಟು ಮಕ್ಕಳು ಬಂದರು. ಚುನಾವಣೆಯ ಫಲಿತಾಂಶವನ್ನು ಯಾರೂ ಓದಲಿಲ್ಲ. ಹಳೆಯ ಸಿನಿಮಾ ಜಾಹೀರಾತುಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಟೈಲರ್ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಅವಳು ಒಳಗೆ ಬರಲಿಲ್ಲ. ತಮ್ಮನನ್ನು ಬಾಗಿಲವರೆಗೆ ಬಿಟ್ಟು, ಹೊಸ್ತಿಲ ಆಚೆಯೇ ನಿಂತು ನೋಡುತ್ತಿದ್ದಳು. ಕರೆದೆ. “ಇಲ್ಲೇ ಇರ್ತೀನಿ ಮೇಷ್ಟ್ರೇ,” ಎಂದಳು. ಸ್ವಲ್ಪ ಹೊತ್ತಿಗೆ ತಮ್ಮನಿಗೆ, “ಕನ್ನಡಿ ಆ ಕಡೆ ಇಡೋ, ಬಾತುಕೋಳಿ ಮುಖ ಕಾಣಲಿ,” ಎಂದು ಹೊರಗಿನಿಂದಲೇ ಹೇಳಿದಳು. ಅವನು ಹಾಗೆಯೇ ಇಟ್ಟ.

ಮೂರು ರಾಯರ ಹಬ್ಬದ ಮರುದಿನ ಎಲ್ಲವನ್ನೂ ಸುತ್ತಿ ಎಣಿಸಿದಾಗ ಒಂಟೆ ಸಿಗಲಿಲ್ಲ. ಐದು ವರ್ಷ ಕಾದು ಪಡೆದಿದ್ದ ನನ್ನ ಒಂಟೆ. ಯಾವ ಜೇಬು ಸೇರಿದೆಯೆಂದು ನನಗೊಂದು ಊಹೆಯಿದೆ, ವಿಚಾರಿಸಿಲ್ಲ. ಅದರ ಜಾಗದಲ್ಲಿ ಈ ವರ್ಷದ ಜನವರಿಯ ಪತ್ರಿಕೆಯೊಂದನ್ನು ಮುದುರಿ ತುರುಕಿ, ಟ್ರಂಕಿನ ಮುಚ್ಚಳ ಹಾಕಿ, ಅಟ್ಟಕ್ಕೆ ಏರಿಸಿದ್ದೇನೆ.